ಮುಂದಿನ ಚಕ್ರದಲ್ಲಿ ಟಕ್ ಟಕ್: ಬಾಲ್ ಜಾಯಿಂಟ್ ಪತ್ತೆ ಮಾಡುವುದು, ಬದಲಿಸುವುದು

ಮೂಡಿಗೆರೆ ಕಡೆಯಿಂದ ಚಿಕ್ಕಮಗಳೂರಿಗೆ ದಿನಾ ಓಡಾಡುವವರಿಗೆ ಈ ಶಬ್ದ ಗೊತ್ತಿರುತ್ತದೆ. ಹಂಪ್ ಇಳಿಯುವಾಗ ಮುಂದಿನ ಎಡಚಕ್ರದ ಹತ್ತಿರ ಒಂದು ‘ಟಕ್’. ರಿವರ್ಸ್ ತೆಗೆದು ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಇನ್ನೊಂದು. ಟಾರು ಚೆನ್ನಾಗಿದ್ದರೆ ಏನೂ ಇಲ್ಲ, ತೋಟದ ದಾರಿಗೆ ಇಳಿದ ತಕ್ಷಣ ಶುರು.

ನಮ್ಮ ಮನೆಯ ಹಳೇ ಸಣ್ಣ ಕಾರಿನಲ್ಲಿ ಈ ಶಬ್ದ ಬಂದಾಗ ನಾನು ಮಾಡಿದ ತಪ್ಪನ್ನು ಮೊದಲೇ ಹೇಳಿಬಿಡುತ್ತೇನೆ. ಒಂದು ಗ್ಯಾರೇಜಿಗೆ ಕೊಟ್ಟೆ. ಅವರು ಒಂದು ಸುತ್ತು ಓಡಿಸಿ ನೋಡಿ ಶಾಕ್ ಅಬ್ಸಾರ್ಬರ್ ಹೋಗಿದೆ ಎಂದರು, ಎರಡೂ ಕಡೆ ಹೊಸದು ಹಾಕಿಸಿದೆ. ಶಬ್ದ ಹಾಗೇ ಇತ್ತು. ಆಮೇಲೆ ಲಿಂಕ್ ರಾಡ್ (ಕಾರು ವಾಲದಂತೆ ತಡೆಯುವ ಸ್ಟೆಬಿಲೈಸರ್ ಬಾರನ್ನು ಚಕ್ರದ ಕಡೆಗೆ ಜೋಡಿಸುವ ಸಣ್ಣ ಸರಳು) ಎಂದರು, ಅದನ್ನೂ ಹಾಕಿಸಿದೆ. ಸ್ವಲ್ಪ ಕಮ್ಮಿ ಆಯಿತು ಅಂತ ಎರಡು ದಿನ ಅನ್ನಿಸಿತು, ಅದು ದುಡ್ಡು ಕೊಟ್ಟ ಸಮಾಧಾನ ಅಷ್ಟೇ. ಕೊನೆಗೆ ಸಿಕ್ಕಿದ್ದು ಲೋವರ್ ಆರ್ಮಿನ, ಅಂದರೆ ಚಕ್ರವನ್ನು ಕೆಳಗಡೆಯಿಂದ ಕಾರಿಗೆ ಜೋಡಿಸುವ ತೋಳಿನ, ತುದಿಯ ಬಾಲ್ ಜಾಯಿಂಟ್. ಅದನ್ನು ಹಿಡಿದವರು ಯಾವ ಮೆಕ್ಯಾನಿಕ್ಕೂ ಅಲ್ಲ, ತೋಟದ ಜೀಪು ಓಡಿಸಿಕೊಂಡೇ ತಲೆ ಬೆಳ್ಳಗೆ ಮಾಡಿಕೊಂಡ ನಮ್ಮ ಚಿಕ್ಕಪ್ಪ.

ಹಾಗಾಗಿ ಇಲ್ಲಿ ಬದಲಿಸುವುದಕ್ಕಿಂತ ಪತ್ತೆ ಮಾಡುವುದರ ಬಗ್ಗೆಯೇ ಜಾಸ್ತಿ ಬರೆಯುತ್ತೇನೆ. ಬೋಲ್ಟು ಬಿಚ್ಚಿ ಹಾಕುವುದು ಅರ್ಧ ದಿನದ ಕೆಲಸ. ಯಾವ ಬೋಲ್ಟು ಬಿಚ್ಚಬೇಕು ಅನ್ನುವುದಕ್ಕೆ ನನಗೆ ನಾಲ್ಕು ತಿಂಗಳು ಹಿಡಿಯಿತು.

ಇದು ಮಾಡುವ ಕೆಲಸ ಏನು

ಒಂದು ಬಟ್ಟಲು, ಅದರೊಳಗೆ ಕಬ್ಬಿಣದ ಗೋಲಿ, ಗೋಲಿಗೆ ಒಂದು ಬಾಲ. ಅಷ್ಟೇ ಬಾಲ್ ಜಾಯಿಂಟ್. ಬಟ್ಟಲು ಲೋವರ್ ಆರ್ಮಿನಲ್ಲಿ ಕೂತಿರುತ್ತದೆ. ಬಾಲ, ಅಂದರೆ ಸ್ಟಡ್, ಚಕ್ರವನ್ನು ಹಿಡಿದಿರುವ ನಕಲ್‌ಗೆ ಸೇರಿರುತ್ತದೆ. ಚಕ್ರ ಮೇಲೆ ಕೆಳಗೆ ಆಡಬೇಕು, ಎಡಕ್ಕೆ ಬಲಕ್ಕೆ ತಿರುಗಲೂಬೇಕು. ಎರಡನ್ನೂ ಒಂದೇ ಜಾಗದಲ್ಲಿ ಮಾಡಲು ಬಿಡುವುದು ಈ ಗೋಲಿ. ಒಳಗೆ ಗ್ರೀಸ್, ಮೇಲೆ ಅದನ್ನು ಮುಚ್ಚುವ ರಬ್ಬರ್ ಬೂಟ್.

ಸಾಯುವುದು ಹೆಚ್ಚಾಗಿ ಬೂಟ್ ಹರಿದು. ಗ್ರೀಸ್ ಹೊರಗೆ, ನೀರು ಮತ್ತು ಮಣ್ಣು ಒಳಗೆ. ನಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್ ತನಕ ರಸ್ತೆ ಅಂದರೆ ಕೆಂಪು ನೀರು, ಅದರಲ್ಲಿರುವ ನುಣ್ಣನೆ ಮರಳು ಗೋಲಿಯನ್ನು ಸಾಣೆ ಹಿಡಿದ ಹಾಗೆ ತಿನ್ನುತ್ತದೆ. ಕೊಟ್ಟಿಗೆಹಾರದ ಮಳೆ ಗೊತ್ತಿದ್ದವರಿಗೆ ಜಾಸ್ತಿ ಹೇಳಬೇಕಿಲ್ಲ. ಕಾರು ತೊಳೆಯುವಾಗ ಪ್ರೆಷರ್ ಗನ್ನನ್ನು ನೇರ ಬೂಟಿಗೇ ಹಿಡಿಯುವುದೂ ಒಳ್ಳೆಯದಲ್ಲ, ಅದು ಬೇರೆ ಮಾತು.

ಆಟ ಬಂದ, ಅಂದರೆ ಸಡಿಲವಾಗಿ ಅಲ್ಲಾಡುವ, ಬಾಲ್ ಜಾಯಿಂಟನ್ನು ‘ಇರಲಿ ಬಿಡು’ ಅಂತ ಓಡಿಸುವ ಹಾಗಿಲ್ಲ. ಶಾಕ್ ಹೋದರೆ ಕಾರು ಕುಣಿಯುತ್ತದೆ, ಇದು ಹೋದರೆ ಗೋಲಿ ಬಟ್ಟಲಿನಿಂದ ಕಳಚಿ ಚಕ್ರವೇ ಮಡಚಿಕೊಳ್ಳುತ್ತದೆ. ಚಾರ್ಮಾಡಿ ತಿರುವಿನಲ್ಲಿ ಹಾಗಾದರೆ ಏನು ಕಥೆ ಅಂತ ನೀವೇ ಯೋಚಿಸಿ. ಆಟ ಕಣ್ಣಿಗೆ ಕಾಣುವಷ್ಟಿದ್ದರೆ ಘಾಟಿ ಇಳಿಯಬೇಡಿ, ಅಲ್ಲೇ ನಿಲ್ಲಿಸಿ ಟೋ ಮಾಡಿಸಿ.

ಶಬ್ದ ಒಂದೇ, ಕಳ್ಳರು ಐದಾರು

ಮುಂದಿನ ಚಕ್ರದ ಹತ್ತಿರ ಟಕ್ ಅನ್ನಬಲ್ಲ ಸಾಮಾನು ಬಹಳ ಇವೆ. ಲಿಂಕ್ ರಾಡ್, ಸ್ಟೇರಿಂಗನ್ನು ಚಕ್ರಕ್ಕೆ ಜೋಡಿಸುವ ಟೈ ರಾಡ್ ಎಂಡ್, ಆರ್ಮಿನ ರಬ್ಬರ್ ಬುಷ್, ಶಾಕಿನ ಮೇಲಿನ ಮೌಂಟ್, ವೀಲ್ ಬೇರಿಂಗ್, ಕೊನೆಗೆ ಸಡಿಲವಾದ ಬ್ರೇಕ್ ಪ್ಯಾಡ್ ಕೂಡ. ಡ್ರೈವಿಂಗ್ ಸೀಟಿನಲ್ಲಿ ಕೂತು ಇದು ಇಂಥದ್ದೇ ಎಂದು ಹೇಳುವವರನ್ನು ನಾನಂತೂ ಈಗ ನಂಬುವುದಿಲ್ಲ.

ಆದರೂ ಓಡಿಸುವಾಗ ಒಂದಷ್ಟು ಸುಳಿವು ಸಿಗುತ್ತದೆ. ಬಾಲ್ ಜಾಯಿಂಟ್ ಆದರೆ ಸಣ್ಣ ಗುಂಡಿಗೂ, ಬ್ರೇಕ್ ಹಾಕಿ ಬಿಟ್ಟಾಗಲೂ, ನಿಧಾನಕ್ಕೆ ತಿರುಗುವಾಗಲೂ ಟಕ್ ಅನ್ನಬಹುದು. ನೇರ ರಸ್ತೆಯಲ್ಲಿ ಕಾರು ಅತ್ತ ಇತ್ತ ಅಲೆಯುತ್ತದೆ, ಸ್ಟೇರಿಂಗನ್ನು ಪದೇ ಪದೇ ಸರಿ ಮಾಡುತ್ತಿರಬೇಕಾಗುತ್ತದೆ. ಹಾಸನದಿಂದ ಚನ್ನರಾಯಪಟ್ಟಣದ ಕಡೆ ಹೆದ್ದಾರಿಯಲ್ಲಿ ಹೋಗುವಾಗ ಇದು ಚೆನ್ನಾಗಿ ಗೊತ್ತಾಗುತ್ತದೆ, ನಮ್ಮ ಮಲೆನಾಡಿನ ರಸ್ತೆಯಲ್ಲಿ ಹೇಗಿದ್ದರೂ ತಿರುಗಿಸುತ್ತಲೇ ಇರುತ್ತೇವಲ್ಲ, ಗೊತ್ತೇ ಆಗುವುದಿಲ್ಲ. ಟೈರಿನ ಒಳ ಅಂಚೋ ಹೊರ ಅಂಚೋ ಮಾತ್ರ ಸವೆದಿದ್ದರೆ ಅದೂ ಒಂದು ಸುಳಿವು. ವೇಗ ಹೆಚ್ಚಿದಂತೆ ‘ಗುಂಯ್’ ಅಂತ ಹೆಚ್ಚುವ ಶಬ್ದ ಮಾತ್ರ ಇದಲ್ಲ, ಅದು ಬೇರಿಂಗ್ ಅಥವಾ ಟೈರ್.

ಲಿಂಕ್ ರಾಡ್ ಮೇಲೆ ಅನುಮಾನ ಇದ್ದರೆ ಹೊಸದು ಕೊಳ್ಳುವ ಮೊದಲು ಎರಡೂ ಕಡೆಯ ಲಿಂಕನ್ನು ಬಿಚ್ಚಿ ತೆಗೆದಿಡಿ, ಸ್ಟೆಬಿಲೈಸರ್ ಬಾರ್ ಏನಕ್ಕೂ ತಾಗದ ಹಾಗೆ ನೋಡಿಕೊಂಡು ಮನೆ ಮುಂದಿನ ರಸ್ತೆಯಲ್ಲೇ ನಿಧಾನಕ್ಕೆ ಒಂದು ಸುತ್ತು ಹೋಗಿ. ಶಬ್ದ ಮಾಯವಾದರೆ ಕಳ್ಳ ಸಿಕ್ಕಿದ. ಲಿಂಕ್ ಇಲ್ಲದ ಕಾರು ತಿರುವಿನಲ್ಲಿ ಜಾಸ್ತಿ ವಾಲುತ್ತದೆ, ಆದ್ದರಿಂದ ದೂರ ಹೋಗಬೇಡಿ. ನಾನು ಇದೊಂದನ್ನು ಮಾಡಿದ್ದರೆ ಲಿಂಕಿನ ದುಡ್ಡು ಉಳಿಯುತ್ತಿತ್ತು.

ಕಣದ ಮೇಲೆ ಚಕ್ರ ಎತ್ತಿ ನೋಡುವುದು

ಜಾಗ ಮುಖ್ಯ. ಕೆಂಪು ಮಣ್ಣಿನ ಮೇಲೆ ಜಾಕ್ ಇಟ್ಟರೆ ಕಾರು ಏಳುವುದಿಲ್ಲ, ಜಾಕ್ ಇಳಿಯುತ್ತದೆ. ತೋಟದ ಮನೆಯವರಿಗೆ ಒಂದು ಅನುಕೂಲ ಇದೆ: ಕಾಫಿ ಒಣಗಿಸುವ ಕಣ. ಸಿಮೆಂಟಿನದು, ಸಮತಟ್ಟು, ಗಟ್ಟಿ. ಕೊಯ್ಲಿನ ಕಾಲ ಬಿಟ್ಟು ಉಳಿದ ದಿನ ಅದು ಖಾಲಿ. ಊರಲ್ಲಿ ಇರುವವರು ಕಾಂಕ್ರೀಟ್ ಅಂಗಳ ಹುಡುಕಿಕೊಳ್ಳಿ.

ಹ್ಯಾಂಡ್ ಬ್ರೇಕ್ ಎಳೆದು, ಗೇರಿನಲ್ಲಿ ಇಟ್ಟು, ಹಿಂದಿನ ಎರಡೂ ಚಕ್ರಕ್ಕೆ ಕಲ್ಲು ಕೊಡಿ. ಜಾಕ್ ಇರುವುದು ಎತ್ತುವುದಕ್ಕೆ ಮಾತ್ರ. ಎತ್ತಿದ ಮೇಲೆ ಭಾರ ಆಕ್ಸಲ್ ಸ್ಟ್ಯಾಂಡ್ ಮೇಲೆ ಕೂರಬೇಕು. ಡಿಕ್ಕಿಯಲ್ಲಿ ಬರುವ ಕತ್ತರಿ ಜಾಕನ್ನೇ ನಂಬಿ ಕಾರಿನ ಕೆಳಗೆ ತಲೆ ಹಾಕುವವರನ್ನು ಕಂಡರೆ ನನಗೆ ಈಗಲೂ ಎದೆ ಝಲ್ ಅನ್ನುತ್ತದೆ. ಸ್ಟ್ಯಾಂಡ್ ಇಲ್ಲದಿದ್ದರೆ ತನ್ನಿ, ಇಲ್ಲವೇ ಗ್ಯಾರೇಜಿಗೆ ಹೋಗಿ. ಮಧ್ಯದ ದಾರಿ ಇಲ್ಲ.

ಇನ್ನು ಜಾಕನ್ನು ಎಲ್ಲಿ ಕೊಡಬೇಕು? ಬಹಳ ಜನ ಎಡವುವುದು ಇಲ್ಲೇ. ಬಾಲ್ ಜಾಯಿಂಟ್ ಮೇಲೆ ಭಾರ ಇದ್ದರೆ ಆಟ ಇದ್ದರೂ ಕಾಣುವುದಿಲ್ಲ. ನಮ್ಮ ಹೆಚ್ಚಿನ ಸಣ್ಣ ಕಾರುಗಳಲ್ಲಿ ಸ್ಪ್ರಿಂಗ್ ಇರುವುದು ಶಾಕಿನ ಸುತ್ತ, ಮೇಲ್ಗಡೆ, ಅಂದರೆ ಮ್ಯಾಕ್‌ಫರ್ಸನ್ ಸ್ಟ್ರಟ್. ಅಂಥವಕ್ಕೆ ಬಾಡಿಯ ಜಾಕಿಂಗ್ ಪಾಯಿಂಟಿನಲ್ಲಿ ಎತ್ತಿ ಚಕ್ರ ನೇತಾಡಲು ಬಿಡಬೇಕು. ಮುಂದಿನ ಎರಡೂ ಚಕ್ರ ಎತ್ತಿದರೆ ಇನ್ನೂ ಒಳ್ಳೆಯದು, ಒಂದೇ ಕಡೆ ಎತ್ತಿದರೆ ಸ್ಟೆಬಿಲೈಸರ್ ಬಾರ್ ತಿರುಚಿಕೊಂಡು ಆ ಕಡೆಯ ಜಾಯಿಂಟನ್ನು ಬಿಗಿ ಹಿಡಿದುಬಿಡುತ್ತದೆ. ಇನ್ನೋವಾ ತರಹ ಮೇಲೊಂದು ಕೆಳಗೊಂದು ಆರ್ಮ್ ಇದ್ದು ಸ್ಪ್ರಿಂಗು ಕೆಳಗಿನ ಆರ್ಮ್ ಮೇಲೆ ಕೂತಿದ್ದರೆ ಲೆಕ್ಕ ಉಲ್ಟಾ. ಆಗ ಲೋವರ್ ಆರ್ಮಿನ ಕೆಳಗೆ, ಚಕ್ರಕ್ಕೆ ಆದಷ್ಟು ಹತ್ತಿರ ಜಾಕ್ ಕೊಟ್ಟು, ಸ್ಪ್ರಿಂಗಿನ ಒತ್ತಡ ಜಾಯಿಂಟ್ ಮೇಲಿಂದ ಇಳಿಯುವ ಹಾಗೆ ಎತ್ತಬೇಕು. ನನ್ನ ಕಾರನ್ನು ಗ್ಯಾರೇಜಿನಲ್ಲಿ ಒಂದೇ ಕಡೆ, ಆರ್ಮಿನ ಕೆಳಗೇ ಜಾಕ್ ಕೊಟ್ಟು ನೋಡಿ ‘ಬಾಲ್ ಜಾಯಿಂಟ್ ಗಟ್ಟಿ ಇದೆ’ ಎಂದಿದ್ದರು. ಗಟ್ಟಿ ಇರದೆ ಇನ್ನೇನು, ಕಾರಿನ ಭಾರ ಅದರ ಮೇಲೇ ಕೂತಿತ್ತಲ್ಲ.

ಈಗ ಟೈರನ್ನು ಗಡಿಯಾರ ಅಂದುಕೊಳ್ಳಿ. ಒಂದು ಕೈ 12ರಲ್ಲಿ, ಇನ್ನೊಂದು 6ರಲ್ಲಿ. ಒಂದನ್ನು ಒಳಗೆ ದೂಕಿ ಇನ್ನೊಂದನ್ನು ಎಳೆಯಿರಿ, ಮತ್ತೆ ಉಲ್ಟಾ. ಆಟ ಕಂಡರೆ ಅದು ಬಾಲ್ ಜಾಯಿಂಟ್ ಅಥವಾ ಬೇರಿಂಗ್. ಕೈಗಳನ್ನು 9 ಮತ್ತು 3ಕ್ಕೆ ತಂದು ಅಲ್ಲಾಡಿಸಿ. ಇಲ್ಲಿ ಮಾತ್ರ ಆಟ ಇದ್ದರೆ ಟೈ ರಾಡ್ ಎಂಡ್ ಅಥವಾ ಸ್ಟೇರಿಂಗ್ ರ‍್ಯಾಕ್ ಕಡೆ ನೋಡಿ. ಎರಡೂ ಕಡೆ ಇದ್ದರೆ ಬೇರಿಂಗ್ ಮೇಲೆ ಅನುಮಾನ ಹೆಚ್ಚು.

ಬೇರಿಂಗೋ ಬಾಲ್ ಜಾಯಿಂಟೋ? ಒಬ್ಬರನ್ನು ಸೀಟಿನಲ್ಲಿ ಕೂರಿಸಿ ಬ್ರೇಕ್ ಒತ್ತಿ ಹಿಡಿಯಲು ಹೇಳಿ. ಮತ್ತೆ 12-6 ಅಲ್ಲಾಡಿಸಿ. ಬ್ರೇಕ್ ಒತ್ತಿದಾಗ ಆಟ ನಿಂತರೆ ಬೇರಿಂಗ್, ಯಾಕೆಂದರೆ ಬ್ರೇಕು ಡಿಸ್ಕನ್ನೂ ನಕಲನ್ನೂ ಒಂದಾಗಿ ಹಿಡಿದುಬಿಡುತ್ತದೆ. ಆಟ ಹಾಗೇ ಇದ್ದರೆ ಅದು ನಕಲಿನ ಆಚೆ, ಅಂದರೆ ಜಾಯಿಂಟ್ ಅಥವಾ ಬುಷ್ ಕಡೆ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ.

ಕೊನೆಯದಾಗಿ, ಚಿಕ್ಕಪ್ಪ ಮಾಡಿದ್ದು. ಟೈರಿನ ಕೆಳಗೆ ಉದ್ದನೆ ಹಾರೆ ತೂರಿಸಿ ನಿಧಾನಕ್ಕೆ ಮೇಲೆ ಮೀಟಿದರು, ಬಿಟ್ಟರು, ಮತ್ತೆ ಮೀಟಿದರು. ನಾನು ಟಾರ್ಚ್ ಹಿಡಿದು ನೋಡುತ್ತಿದ್ದೆ. ಏನೂ ಕಾಣಲಿಲ್ಲ.

“ಕಾಣಲ್ಲ ಕಣೋ. ಬೆರಳು ಇಡು ಅಲ್ಲಿ, ಆರ್ಮಿಗೂ ನಕಲಿಗೂ ಮಧ್ಯೆ.”

ಬೂಟಿನ ಪಕ್ಕದಲ್ಲಿ ಹೆಬ್ಬೆರಳನ್ನು ಆರ್ಮ್ ಮೇಲೆ, ತೋರುಬೆರಳನ್ನು ನಕಲ್ ಮೇಲೆ ಇಟ್ಟೆ. ಅವರು ಮೀಟಿದರು. ಬೆರಳಿಗೆ ಸಣ್ಣದೊಂದು ‘ಟಿಕ್’ ಬಡಿಯಿತು. ಬಿಟ್ಟಾಗ ಮತ್ತೊಂದು. ಒಂದು ಮಿಲಿಮೀಟರೂ ಇರಲಿಕ್ಕಿಲ್ಲ, ಆದರೆ ಸಂಶಯಕ್ಕೆ ಜಾಗವೇ ಇರಲಿಲ್ಲ. ಬಲಗಡೆ ಚಕ್ರಕ್ಕೂ ಹಾಗೇ ಮಾಡಿ ನೋಡಿದೆವು, ಅಲ್ಲಿ ಬೆರಳಿಗೆ ಏನೂ ಸಿಗಲಿಲ್ಲ. ಈ ಹೋಲಿಕೆ ಬಹಳ ಉಪಯೋಗ. ರಬ್ಬರ್ ಬುಷ್ ಆದರೆ ಮೀಟಿದಾಗ ಮೆತ್ತಗೆ ಬಗ್ಗಿ ಮೆತ್ತಗೆ ವಾಪಸ್ ಬರುತ್ತದೆ. ಟಿಕ್ ಅನ್ನುವುದಿಲ್ಲ. ಎಷ್ಟು ಆಟ ಇದ್ದರೆ ಬದಲಿಸಬೇಕು ಎಂಬ ಮಿತಿ ಆಯಾ ಕಾರಿನ ಸರ್ವಿಸ್ ಮ್ಯಾನ್ಯುಯಲ್‌ನಲ್ಲಿ ಇರುತ್ತದೆ. ಸಣ್ಣ ಕಾರಿನಲ್ಲಿ ಬೆರಳಿಗೆ ಬಡಿಯುವಷ್ಟು ಆಟ ಸಿಕ್ಕರೆ ನಾನಂತೂ ಮಿತಿ ಹುಡುಕುತ್ತಾ ಕೂರುವುದಿಲ್ಲ.

ಬೂಟನ್ನೂ ನೋಡಿ. ಹರಿದಿದ್ದು, ಗ್ರೀಸ್ ಜಾಗದಲ್ಲಿ ತುಕ್ಕಿನ ಬಣ್ಣದ ಪುಡಿ ಕಂಡರೆ ಇವತ್ತು ಆಟ ಇಲ್ಲದಿದ್ದರೂ ನಾಳೆ ಬರುತ್ತದೆ.

ಸಾಮಾನು ತರುವ ಮೊದಲು

ಬಾಲ್ ಜಾಯಿಂಟ್ ಆರ್ಮಿಗೆ ಸೇರಿರುವ ರೀತಿ ಎಲ್ಲ ಕಾರಿನಲ್ಲೂ ಒಂದೇ ಅಲ್ಲ. ಕೆಲವದರಲ್ಲಿ ಎರಡು ಮೂರು ಬೋಲ್ಟಿನಲ್ಲಿ ಕೂತಿರುತ್ತದೆ, ಬಿಚ್ಚಿ ಹಾಕಿದರೆ ಮುಗಿಯಿತು. ಕೆಲವದರಲ್ಲಿ ಕಾರ್ಖಾನೆಯಲ್ಲಿ ರಿವೆಟ್ ಹೊಡೆದಿರುತ್ತಾರೆ, ರಿವೆಟ್ ತೆಗೆದು ಹೊಸದರ ಜೊತೆ ಬರುವ ಬೋಲ್ಟು ಹಾಕಬೇಕು. ಕೆಲವದರಲ್ಲಿ ಪ್ರೆಸ್ ಮಾಡಿ ಕೂರಿಸಿ ಸರ್ಕ್ಲಿಪ್ (ಸ್ಪ್ರಿಂಗ್ ಬಳೆ) ಹಾಕಿರುತ್ತಾರೆ. ಇನ್ನು ಕೆಲವದರಲ್ಲಿ ಆರ್ಮಿನ ಜೊತೆಗೇ ಬರುತ್ತದೆ, ಪೂರ್ತಿ ಆರ್ಮ್ ಬದಲಿಸಬೇಕು. ಪ್ರೆಸ್ ಮಾಡುವುದಾದರೆ ಆರ್ಮ್ ಬಿಚ್ಚಿಕೊಂಡು ಹೈಡ್ರಾಲಿಕ್ ಪ್ರೆಸ್ ಇರುವ ವರ್ಕ್‌ಶಾಪಿಗೆ ಹೋಗಿ. ಸುತ್ತಿಗೆಯಲ್ಲಿ ಹೊಡೆದು ಕೂರಿಸಬೇಡಿ, ಓರೆಯಾಗಿ ಕೂತರೆ ಆರ್ಮೂ ಹಾಳು.

ನನ್ನ ಅಭಿಪ್ರಾಯ ಕೇಳಿದರೆ, ಕಾರು ಹಳೆಯದಾಗಿದ್ದು ಬುಷ್‌ಗಳೂ ಬಿರುಕು ಬಿಟ್ಟಿದ್ದರೆ ಪೂರ್ತಿ ಆರ್ಮ್ ಹಾಕುವುದೇ ಒಳ್ಳೆಯದು. ಖರ್ಚು ಜಾಸ್ತಿ, ಆದರೆ ಅದೇ ಬೋಲ್ಟುಗಳನ್ನು ಮುಂದಿನ ವರ್ಷ ಮತ್ತೆ ಬಿಚ್ಚುವ ಕೆಲಸ ಇಲ್ಲ. ನಾನು ಮಾಡಿದ್ದೂ ಅದೇ, ಮುಂದೆ ಬರೆದಿರುವುದೂ ಪೂರ್ತಿ ಆರ್ಮ್ ಬದಲಿಸುವ ಬಗ್ಗೆ.

ಇನ್ನೊಂದು ಮಾತು. ಹಳೇ ಜಾಯಿಂಟಿನ ಬಟ್ಟಲನ್ನು ತಟ್ಟಿ ಬಿಗಿ ಮಾಡಿಕೊಡುತ್ತೇವೆ, ವೆಲ್ಡಿಂಗ್ ಹಾಕಿಕೊಡುತ್ತೇವೆ ಅನ್ನುವವರು ಸಿಗುತ್ತಾರೆ. ಬೇಡ. ಬಿಸಿಗೆ ಒಳಗಿನ ಲೈನಿಂಗ್ ಸುಡುತ್ತದೆ, ಸವೆದ ಗೋಲಿ ಹೊಸದಾಗುವುದಿಲ್ಲ. ಸಿರಿಂಜಿನಲ್ಲಿ ಗ್ರೀಸ್ ತುಂಬುವುದೂ ಅಷ್ಟೇ, ಕಿರ್ ಅನ್ನುವುದು ನಾಲ್ಕು ದಿನ ನಿಲ್ಲಬಹುದು, ಆಟ ಹೋಗುವುದಿಲ್ಲ.

ಅಂಗಡಿಗೆ ಹೋಗುವಾಗ ಕಾರಿನ ಮಾಡೆಲ್, ವರ್ಷ ಮಾತ್ರ ಹೇಳಿದರೆ ಸಾಲದು, ಆರ್‌ಸಿ ಅಥವಾ ಚಾಸಿಸ್ ನಂಬರಿನ ಫೋಟೋ ಇಟ್ಟುಕೊಳ್ಳಿ. ಎಡ ಬಲ ಬೇರೆ ಬೇರೆ ಇರಬಹುದು. ಹೊಸ ನಟ್ಟು, ನಟ್ಟು ಸಡಿಲವಾಗದಂತೆ ತಡೆಯುವ ಸ್ಪ್ಲಿಟ್ ಪಿನ್ ಬೇಕಾದರೆ ಅದನ್ನೂ ಆಗಲೇ ತನ್ನಿ, ಇಲ್ಲದಿದ್ದರೆ ಐದು ರೂಪಾಯಿಯ ಪಿನ್ನಿಗೆ ಇನ್ನೊಮ್ಮೆ ಪೇಟೆಗೆ ಹೋಗಬೇಕು. ನಾನು ಹೋಗಿದ್ದೇನೆ, ಬೈಕಿನಲ್ಲಿ, ಮಳೆಯಲ್ಲಿ.

ಬಿಚ್ಚುವುದು

ಹಿಂದಿನ ದಿನ ಸಂಜೆಯೇ ಬಿಚ್ಚಬೇಕಾದ ಬೋಲ್ಟುಗಳನ್ನು ತಂತಿ ಬ್ರಶ್ಶಿನಲ್ಲಿ ಉಜ್ಜಿ ತುಕ್ಕು ಬಿಡಿಸುವ ಎಣ್ಣೆ ಹೊಡೆದಿಡಿ. ನಮ್ಮ ಕಡೆಯ ಕಾರುಗಳಲ್ಲಿ ಮಣ್ಣು ಒಣಗಿ ಸಿಮೆಂಟಿನ ಹಾಗೆ ಕೂತಿರುತ್ತದೆ, ಅದನ್ನು ಕೆರೆಯದೆ ಸಾಕೆಟ್ ಹಾಕಿದರೆ ಬೋಲ್ಟಿನ ತಲೆ ಸವೆಯುತ್ತದೆ.

ಚಕ್ರ ನೆಲದಲ್ಲಿರುವಾಗಲೇ ವೀಲ್ ನಟ್ಟುಗಳನ್ನು ಕಾಲು ಸುತ್ತು ಸಡಿಲ ಮಾಡಿ. ಎತ್ತಿ, ಸ್ಟ್ಯಾಂಡ್ ಕೊಟ್ಟು, ಕಾರನ್ನು ಒಮ್ಮೆ ದೂಕಿ ಗಟ್ಟಿ ಇದೆಯೇ ನೋಡಿ. ಬಿಚ್ಚಿದ ಚಕ್ರವನ್ನು ಬಾಗಿಲ ಕೆಳಗೆ ಮಲಗಿಸಿಡಿ, ಏನಾದರೂ ಜಾರಿದರೆ ಅದರ ಮೇಲೆ ಬೀಳಲಿ.

ಬಹಳಷ್ಟು ಸಣ್ಣ ಕಾರುಗಳಲ್ಲಿ ಸ್ಟಡ್ಡನ್ನು ನಕಲಿನಲ್ಲಿ ಹಿಡಿದಿರುವುದು ಅಡ್ಡ ಹೋಗುವ ಒಂದು ಪಿಂಚ್ ಬೋಲ್ಟು. ಸ್ಟಡ್ಡಿನ ಕುತ್ತಿಗೆಯಲ್ಲಿ ಒಂದು ಕಚ್ಚು ಇರುತ್ತದೆ, ಬೋಲ್ಟು ಆ ಕಚ್ಚಿನ ಮೂಲಕ ಹಾದುಹೋಗುತ್ತದೆ. ಸಡಿಲ ಮಾಡಿದರೆ ಸಾಲದು, ಪೂರ್ತಿ ಹೊರಗೆ ತೆಗೆಯಬೇಕು. ನನ್ನ ಜೊತೆ ಕೆಲಸಕ್ಕೆ ನಿಂತ ಹುಡುಗ ಅರ್ಧ ಬೋಲ್ಟು ಒಳಗಿರುವಾಗಲೇ ಕಾಲು ಗಂಟೆ ಹಾರೆಯಲ್ಲಿ ಮೀಟಿದ್ದ. ಬೋಲ್ಟು ಬಂದ ಮೇಲೂ ಸ್ಟಡ್ ಕಚ್ಚಿಕೊಂಡಿದ್ದರೆ ನಕಲಿನ ಸೀಳಿನೊಳಗೆ ಅಗಲ ಸ್ಕ್ರೂಡ್ರೈವರ್ ಹೊಡೆದು ಸ್ವಲ್ಪ ಅಗಲಿಸಿ, ಎಣ್ಣೆ ಬಿಡಿ, ಉದ್ದ ಹಾರೆಯಲ್ಲಿ ಆರ್ಮನ್ನು ಕೆಳಕ್ಕೆ ಒತ್ತಿ. ಹಾರೆಯ ತುದಿ ಆಕ್ಸಲಿನ ರಬ್ಬರ್ ಬೂಟಿಗೆ ತಾಗದಿರಲಿ. ಅದನ್ನು ಹರಿದರೆ ಒಂದು ಕೆಲಸಕ್ಕೆ ಎರಡು ಕೆಲಸ.

ಸ್ಟಡ್ ತೆಳ್ಳಗಾಗುತ್ತಾ ಹೋಗಿ ತುದಿಯಲ್ಲಿ ನಟ್ಟು, ಸ್ಪ್ಲಿಟ್ ಪಿನ್ ಇರುವ ಜಾತಿಯಾದರೆ ವಿಧಾನ ಬೇರೆ. ಪಿನ್ ತೆಗೆದು ನಟ್ಟನ್ನು ಸಡಿಲ ಮಾಡಿ, ಆದರೆ ನಾಲ್ಕೈದು ಎಳೆ (ಥ್ರೆಡ್) ಉಳಿಸಿಕೊಳ್ಳಿ, ಇಲ್ಲದಿದ್ದರೆ ಬಿಡಿಸಿಕೊಂಡ ಕ್ಷಣ ಆರ್ಮ್ ಹಾರುತ್ತದೆ. ಬಾಲ್ ಜಾಯಿಂಟ್ ಪುಲ್ಲರ್ ಇದ್ದರೆ ಸುಲಭ. ಇಲ್ಲದಿದ್ದರೆ ಸ್ಟಡ್ ಕೂತಿರುವ ನಕಲಿನ ಕಣ್ಣಿನ ಪಕ್ಕಕ್ಕೆ ಸುತ್ತಿಗೆಯಲ್ಲಿ ಎರಡು ಮೂರು ಜೋರು ಏಟು. ಸ್ಟಡ್ಡಿನ ತುದಿಗೆ ಹೊಡೆಯಬೇಡಿ, ಎಳೆ ಹಾಳಾಗಿ ನಟ್ಟೇ ಬರುವುದಿಲ್ಲ.

ಸ್ಟಡ್ ಹೊರಗೆ ಬಂದ ಮೇಲೆ ನಕಲ್ ಹೊರಗೆ ಜೋಲುತ್ತದೆ. ಬ್ರೇಕ್ ಹೋಸ್ ಮೇಲೆ ಭಾರ ಬೀಳದಂತೆ, ಆಕ್ಸಲ್ ಹೊರಕ್ಕೆ ಎಳೆದು ಒಳ ಜಾಯಿಂಟ್ ಕಳಚದಂತೆ, ಎಬಿಎಸ್ ವೈರ್ ಇದ್ದರೆ ಅದು ಬಿಗಿಯಾಗದಂತೆ ಒಂದು ಹಗ್ಗದಲ್ಲಿ ಕಟ್ಟಿ. ಆಮೇಲೆ ಆರ್ಮಿನ ಒಳಗಡೆಯ ಬೋಲ್ಟುಗಳು. ಬಿಚ್ಚುವ ಮುಂಚೆ ಫೋಟೋ ತೆಗೆದುಕೊಳ್ಳಿ, ಯಾವ ವಾಷರ್ ಎಲ್ಲಿತ್ತು ಅನ್ನುವುದು ಸಂಜೆಯ ಹೊತ್ತಿಗೆ ಯಾರಿಗೂ ನೆನಪಿರುವುದಿಲ್ಲ.

ಇದೆಲ್ಲ ಸ್ಟ್ರಟ್ ಇರುವ ಕಾರಿಗೆ. ಸ್ಪ್ರಿಂಗು ಕೆಳಗಿನ ಆರ್ಮ್ ಮೇಲೆ ಕೂತಿರುವ ದೊಡ್ಡ ಗಾಡಿಗಳಲ್ಲಿ ಜಾಯಿಂಟ್ ಬಿಚ್ಚಿದರೆ ಅಮುಕಿ ಕೂತ ಸ್ಪ್ರಿಂಗ್ ಆರ್ಮನ್ನು ಒದೆಯುತ್ತದೆ. ಅದನ್ನು ಮನೆಯಲ್ಲಿ ಮಾಡಬೇಡಿ.

ಹೊಸದು ಕೂರಿಸುವುದು

ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟು ನೋಡಿ. ಸ್ಟಡ್ಡಿನ ದಪ್ಪ, ಉದ್ದ, ಕಚ್ಚಿನ ಜಾಗ, ಬುಷ್ ಅಗಲ ಎಲ್ಲ ಒಂದೇ ಇರಬೇಕು. ಕೈಯಲ್ಲಿ ಸ್ಟಡ್ ತಿರುಗಿಸಿ. ಹೊಸದು ಬಿಗಿಯಾಗಿ, ಒಂದೇ ಸಮನಾಗಿ ತಿರುಗುತ್ತದೆ. ನನ್ನ ಹಳೆಯದು ಆರ್ಮನ್ನು ಓರೆ ಮಾಡಿದರೆ ಸಾಕು, ತಾನೇ ತೂಗಿ ಬೀಳುತ್ತಿತ್ತು.

ನಕಲಿನ ತೂತನ್ನು ಚೆನ್ನಾಗಿ ಒರೆಸಿ. ಮೊದಲು ಆರ್ಮಿನ ಒಳ ಬೋಲ್ಟುಗಳನ್ನು ಕೈಯಲ್ಲಿ ಹಾಕಿ, ಬಿಗಿ ಮಾಡಬೇಡಿ. ಸ್ಟಡ್ಡನ್ನು ನಕಲಿನೊಳಗೆ ಪೂರ್ತಿ ತೂರಿಸಿ. ಪಿಂಚ್ ಬೋಲ್ಟು ಬೆರಳಲ್ಲೇ ಒಳಗೆ ಹೋಗಬೇಕು. ಹೋಗದಿದ್ದರೆ ಕಚ್ಚು ಸರಿಯಾದ ಎತ್ತರಕ್ಕೆ ಬಂದಿಲ್ಲ ಎಂದರ್ಥ, ಬೋಲ್ಟನ್ನು ಹೊಡೆದು ತೂರಿಸಬೇಡಿ, ಸ್ಟಡ್ಡನ್ನು ಇನ್ನಷ್ಟು ಮೇಲಕ್ಕೆ ತಳ್ಳಿ. ನಟ್ಟು ಹೊಸದಿರಲಿ. ಟಾರ್ಕ್ (ಬಿಗಿಯ ಅಳತೆ) ಎಷ್ಟು ಅನ್ನುವುದನ್ನು ನಿಮ್ಮ ಕಾರಿನ ಸರ್ವಿಸ್ ಮ್ಯಾನ್ಯುಯಲ್‌ನಲ್ಲೇ ನೋಡಿ, ಟಾರ್ಕ್ ರೆಂಚ್ ಬಾಡಿಗೆಗೋ ಸ್ನೇಹಿತರಿಂದಲೋ ತನ್ನಿ. ಸ್ಪ್ಲಿಟ್ ಪಿನ್ ಇರುವ ನಟ್ಟಾದರೆ, ಹೇಳಿದಷ್ಟು ಬಿಗಿ ಮಾಡಿದ ಮೇಲೆ ತೂತು ಸರಿ ಬರದಿದ್ದರೆ ಇನ್ನೂ ಸ್ವಲ್ಪ ಬಿಗಿ ಮಾಡಿ ತೂತಿಗೆ ತನ್ನಿ. ಹಿಂದಕ್ಕೆ ತಿರುಗಿಸಬೇಡಿ.

ಈಗ ಎಲ್ಲರೂ ಮರೆಯುವ ಹೆಜ್ಜೆ. ಆರ್ಮಿನ ಬುಷ್ ಬೋಲ್ಟುಗಳನ್ನು ಚಕ್ರ ನೇತಾಡುವಾಗ ಬಿಗಿ ಮಾಡಬಾರದು. ಹಾಗೆ ಮಾಡಿದರೆ ಕಾರು ಇಳಿದಾಗ ರಬ್ಬರ್ ಸದಾ ತಿರುಚಿಕೊಂಡೇ ಇರುತ್ತದೆ, ಬೇಗ ಹರಿಯುತ್ತದೆ. ಚಕ್ರ ಹಾಕಿ, ಕಾರನ್ನು ನೆಲಕ್ಕಿಳಿಸಿ, ಮುಂಭಾಗವನ್ನು ಎರಡು ಮೂರು ಸಲ ಅಮುಕಿ ಬಿಡಿ. ಕಾರು ತನ್ನ ಎತ್ತರದಲ್ಲಿ ಕೂತ ಮೇಲೆ ಆ ಬೋಲ್ಟುಗಳನ್ನು ಬಿಗಿ ಮಾಡಿ. ಕೈ ಹೋಗಲು ಜಾಗ ಇಲ್ಲದಿದ್ದರೆ ಚಕ್ರದ ಕೆಳಗೆ ಗಟ್ಟಿ ಹಲಗೆ ಕೊಟ್ಟು ಇಳಿಸಬಹುದು.

ವೀಲ್ ನಟ್ಟನ್ನು ಒಂದಾದ ಮೇಲೆ ಎದುರಿನದು, ಹೀಗೆ ಬಿಗಿ ಮಾಡಿ. ಸಣ್ಣ ಕಾರುಗಳಿಗೆ ಸಾಮಾನ್ಯವಾಗಿ 85ರಿಂದ 110 ನ್ಯೂಟನ್ ಮೀಟರ್ ಒಳಗೆ ಇರುತ್ತದೆ. ಪೈಪ್ ಹಾಕಿ ಮೇಲೆ ಹತ್ತಿ ನಿಲ್ಲುವುದು ಬೇಡ, ದಾರಿಯಲ್ಲಿ ಪಂಕ್ಚರ್ ಆದರೆ ಬಿಚ್ಚುವವರು ನೀವೇ.

ಓಡಿಸಿ ನೋಡುವುದು, ಅಲೈನ್‌ಮೆಂಟ್

ಮೊದಲು ಅಂಗಳದಲ್ಲೇ ನಿಧಾನಕ್ಕೆ ಹೋಗಿ, ಬ್ರೇಕ್ ಒತ್ತಿ, ಸ್ಟೇರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ. ಆಮೇಲೆ ಶಬ್ದ ಬರುತ್ತಿದ್ದ ಅದೇ ಹಂಪಿಗೆ ಹೋಗಿ. ನನಗೆ ಮೊದಲ ಸಲ ಆ ಹಂಪ್ ಇಳಿದಾಗ ಏನೂ ಕೇಳಲಿಲ್ಲ. ನಂಬಿಕೆ ಬರದೆ ತಿರುಗಿಸಿಕೊಂಡು ಬಂದು ಇನ್ನೊಂದು ಸಲ ಇಳಿಸಿದೆ. ಅಲ್ಲೇ ಟೀ ಅಂಗಡಿಯಲ್ಲಿ ಕೂತಿದ್ದವರು ‘ಏನ್ ಮಾರಾಯ್ರೆ, ಏನಾದ್ರೂ ಬಿದ್ದೋಯ್ತಾ?’ ಅಂತ ಕೇಳಿದರು.

ವೀಲ್ ಅಲೈನ್‌ಮೆಂಟ್ ಅದೇ ದಿನ ಇಲ್ಲವೇ ಮಾರನೇ ದಿನ ಮಾಡಿಸಿ. ಆರ್ಮ್ ಬದಲಾದರೆ ಚಕ್ರದ ಕೋನ ಸ್ವಲ್ಪವಾದರೂ ಬದಲಾಗುತ್ತದೆ, ಹಾಗೇ ಓಡಿಸಿದರೆ ಟೈರ್ ತಿನ್ನುತ್ತದೆ. ಚಿಕ್ಕಮಗಳೂರಿನಲ್ಲೂ ಹಾಸನದ ಬಿಎಂ ರಸ್ತೆಯಲ್ಲೂ ಯಂತ್ರ ಇರುವ ಅಂಗಡಿಗಳಿವೆ. ಮುಂಚಿನ ಮತ್ತು ಆಮೇಲಿನ ಅಳತೆಯ ಪ್ರಿಂಟ್ ಕೇಳಿ ತೆಗೆದುಕೊಳ್ಳಿ. ಈಗಾಗಲೇ ಓರೆ ಸವೆದ ಟೈರು ಅಲೈನ್‌ಮೆಂಟ್ ಆದ ಮೇಲೂ ಗುಂಯ್ ಅನ್ನುತ್ತಲೇ ಇರಬಹುದು, ಅದಕ್ಕೆ ಮತ್ತೆ ಆರ್ಮ್ ಬಿಚ್ಚಲು ಹೋಗಬೇಡಿ.

50ರಿಂದ 100 ಕಿಲೋಮೀಟರ್ ಓಡಿದ ಮೇಲೆ ವೀಲ್ ನಟ್ಟುಗಳನ್ನು ಇನ್ನೊಮ್ಮೆ ನೋಡಿ, ಪಿಂಚ್ ಬೋಲ್ಟನ್ನೂ ನೋಡಿ. ಇನ್ನೊಂದು ಕಡೆಯ ಜಾಯಿಂಟ್ ಗಟ್ಟಿ ಇದ್ದರೆ ಸುಮ್ನೆ ಬದಲಿಸುವ ಅಗತ್ಯ ಇಲ್ಲ. ಮಳೆಗೆ ಮುಂಚೆ ಮೇ ತಿಂಗಳಲ್ಲಿ ಒಂದು ಸಲ, ಮಳೆ ಬಿಟ್ಟ ಮೇಲೆ ಅಕ್ಟೋಬರಿನಲ್ಲಿ ಒಂದು ಸಲ ಎರಡೂ ಬೂಟಿಗೆ ಟಾರ್ಚ್ ಬಿಟ್ಟು ನೋಡಿದರೆ ಸಾಕು. ನಾನು ಹಾಗೇ ಮಾಡುತ್ತಿದ್ದೇನೆ. ಬಿಚ್ಚಿದ ಹಳೇ ಆರ್ಮನ್ನು ಗುಜರಿಗೆ ಹಾಕಲು ಚಿಕ್ಕಪ್ಪ ಬಿಡಲಿಲ್ಲ. ಕಣದಲ್ಲಿ ಕಾಫಿಗೆ ಮುಚ್ಚುವ ಟಾರ್ಪಾಲು ಗಾಳಿಗೆ ಹಾರದಿರಲಿ ಅಂತ ಅದರ ಮೂಲೆಗೆ ಹೇರಿದ್ದಾರೆ.